ಗಂಟಲಲ್ಲಿ ಏನೂ ಇರಲಿಲ್ಲ

ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂಬುದು ನನಗೆ ಹೋದ ತಿಂಗಳು ಗೊತ್ತಾಯಿತು. ಅವತ್ತು ತಿಪಟೂರಿನಲ್ಲಿ, ನನ್ನ ಪಕ್ಕದಲ್ಲೇ ಕೂತು ಕೆಲಸ ಮಾಡಿದ ಆಕೆಯ ಶಿವಗಣಾರಾಧನೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಗುರುತಿಲ್ಲದ ಹಿರಿಯರೊಬ್ಬರು ಪಾಯಸ ಹಾಕಿಸಿಕೊಳ್ಳುತ್ತಾ, "ಎಂಥಾ ತಾಯಿ ಕಣ್ರೀ. ಜೀವ ಇರೋಗಂಟ ಯಾರಿಗೂ ಇಲ್ಲ ಅಂದೋರಲ್ಲ," ಎಂದರು.

"ಅಂದಿದ್ದಾರೆ. ನನಗೇ ಅಂದಿದ್ದಾರೆ," ಎಂದೆ.

ಅವರು ನನ್ನನ್ನು ಒಂಥರಾ ನೋಡಿ ಆ ಕಡೆ ತಿರುಗಿಕೊಂಡರು. ಸತ್ತವರ ಮನೆಯಲ್ಲಿ ಕೂತು ಹೀಗೆ ಆಡುವ ಹೆಂಗಸು ಯಾರಪ್ಪ ಎನ್ನಿಸಿರಬೇಕು. ಅವರಿಗೆ ಆಕೆಯ ಅರ್ಧ ಆಯುಸ್ಸು ಮಾತ್ರ ಗೊತ್ತಿತ್ತು. ಇನ್ನರ್ಧ ಗೊತ್ತಿದ್ದವಳು ನಾನು. ಅದನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವುದಕ್ಕೆ ಇಷ್ಟು ವರ್ಷ ನನಗೇ ಮನಸ್ಸಿರಲಿಲ್ಲ.

ನಾವಿಬ್ಬರೂ ಎಪ್ಪತ್ತರ ದಶಕದಲ್ಲಿ ತಿಪಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರುಗಳಾಗಿದ್ದೆವು. ಫೋನಿನಲ್ಲಿ ತಾವೇ ನಂಬರು ತಿರುಗಿಸುವ ಕಾಲ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಮನೆಯಲ್ಲೋ ಅಂಗಡಿಯಲ್ಲೋ ಯಾರಾದರೂ ಫೋನೆತ್ತಿದರೆ ನಮ್ಮ ಬೋರ್ಡಿನ ಮೇಲೆ ಅವರ ನಂಬರಿನ ಪುಟ್ಟ ಮುಚ್ಚಳ ಟಪ್ಪೆಂದು ಕೆಳಗೆ ಬೀಳುತ್ತಿತ್ತು. ನಾವು ವೈರು ಚುಚ್ಚಿ, ಯಾರು ಬೇಕು ಎಂದು ಕೇಳಿ, ಅವರಿಗೆ ಸೇರಿಸಬೇಕು. ಹೊರ ಊರಿಗಾದರೆ ಟ್ರಂಕ್ ಕಾಲ್ ಬುಕ್ ಮಾಡಿಕೊಂಡು ಸರದಿ ಬಂದಾಗ ಕರೆದು ಕೊಡಬೇಕು. ಕೊಬ್ಬರಿ ಹರಾಜಿನ ದಿನವಂತೂ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಮುಚ್ಚಳಗಳು ಬೀಳುತ್ತಿದ್ದವು. ಎಲ್ಲ ಮಂಡಿಯವರಿಗೂ ಅದೇ ಗಳಿಗೆಯಲ್ಲಿ ಬೊಂಬಾಯಿ ಬೇಕು, ದಿಲ್ಲಿ ಬೇಕು, ಪಕ್ಕದ ಮಂಡಿಯವನಿಗಿಂತ ಮೊದಲು ಬೇಕು.

ಅಷ್ಟು ಜನರನ್ನು ಏಕಕಾಲಕ್ಕೆ ಸಮಾಧಾನ ಮಾಡುವ ದನಿ ಆಕೆಯದಾಗಿತ್ತು. ಸಣ್ಣ ಆಳು, ಹಣೆಯಲ್ಲಿ ವಿಭೂತಿ, ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿದ ಸೆರಗು. ನೋಡಿದರೆ ಎರಡನೇ ಸಲ ತಿರುಗಿ ನೋಡುವಂಥ ಹೆಣ್ಣಲ್ಲ. ಆದರೆ ವೈರು ಚುಚ್ಚಿ, "ಹೇಳೀಪ್ಪಾ" ಎಂದಳೆಂದರೆ ಕೂಗಾಡಲು ಬಾಯಿ ತೆರೆದವರು ಹಾಗೇ ತಣ್ಣಗಾಗುತ್ತಿದ್ದರು. ಊರಿಗೆಲ್ಲ ಆಕೆ 'ಅಕ್ಕ'. ನಾನು ವೈರು ಚುಚ್ಚಿ ಮಾತಾಡಿದರೆ ಆ ಕಡೆಯಿಂದ ಮೊದಲು ಬರುತ್ತಿದ್ದ ಪ್ರಶ್ನೆ, "ಅಕ್ಕ ಇಲ್ವಾ?"

ನಾನೂ ಅದೇ ಪರೀಕ್ಷೆ ಪಾಸು ಮಾಡಿದವಳು, ಅದೇ ಟ್ರೇನಿಂಗ್ ಮುಗಿಸಿ ಅದೇ ಬೋರ್ಡಿನ ಮುಂದೆ ಕೂತವಳು. ನನ್ನ ಕನ್ನಡ ಆಕೆಯ ಕನ್ನಡಕ್ಕಿಂತ ಸ್ವಚ್ಛವಾಗಿತ್ತು, ಇಂಗ್ಲಿಷೂ ವಾಸಿ. ಆಯುಧಪೂಜೆಯ ದಿನ ಮಂಡಿಗಳಿಂದ ಎಳನೀರು, ಕೊಬ್ಬರಿ ಮಿಠಾಯಿ ಬಂದರೆ ಅದು ಎಕ್ಸ್‌ಚೇಂಜಿಗೆ ಅಂತ ಬರುತ್ತಿರಲಿಲ್ಲ, 'ಅಕ್ಕನಿಗೆ' ಅಂತ ಬರುತ್ತಿತ್ತು. ಆಕೆ ಅದನ್ನು ನಮಗೆಲ್ಲ ಹಂಚಿ ತನಗೆ ಇಟ್ಟುಕೊಳ್ಳುವುದನ್ನು ಮರೆಯುತ್ತಿದ್ದಳು. ಆ ಮರೆವು ನನ್ನ ಹೊಟ್ಟೆಯನ್ನು ಇನ್ನಷ್ಟು ಉರಿಸುತ್ತಿತ್ತು. ಒಂದು ಬೆಳಿಗ್ಗೆ ನಮ್ಮ ಅಡುಗೆಮನೆಯ ಗೋಡೆಗೆ ಮುಖ ಮಾಡಿ, ಆಕೆಯ ಹಾಗೇ ದನಿ ಇಳಿಸಿ "ಹೇಳೀಪ್ಪಾ" ಎಂದು ಅಭ್ಯಾಸ ಮಾಡುತ್ತಿದ್ದೆ. ಹಿಂದೆ ನಿಂತಿದ್ದ ನನ್ನ ಗಂಡ, "ಯಾಕೆ, ಜ್ವರ ಬಂದಿದೆಯಾ?" ಎಂದು ಕೇಳಿದರು. ಅವರು ಹೈಸ್ಕೂಲು ಮೇಷ್ಟ್ರು. ತಪ್ಪು ಕಂಡರೆ ಬಿಡುತ್ತಿರಲಿಲ್ಲ.

ಆಕೆಗೆ ಒಂದು ಅಭ್ಯಾಸವಿತ್ತು. ಎದುರಿನವರು ಮಾತು ಮುಗಿಸುವ ಮೊದಲೇ ತಲೆ ಆಡಿಸಿಬಿಡುತ್ತಿದ್ದಳು. ಆಮೇಲೆ ಬರುತ್ತಿದ್ದುದು ಯಾವಾಗಲೂ ಅದೇ ಮಾತು: "ಅಷ್ಟೇ ತಾನೇ, ಬುಡಿ, ನಾನ್ ನೋಡ್ಕತೀನಿ." ಯಾರದೋ ಭಾನುವಾರದ ಡ್ಯೂಟಿ ಆಕೆ ನೋಡಿಕೊಳ್ಳುತ್ತಿದ್ದಳು, ಯಾರದೋ ಸೀಮಂತಕ್ಕೆ ಬಳೆ ತರುವುದು, ಯಾರದೋ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಎಲ್ಲ ಆಕೆಯೇ ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಅತ್ತೆ, ಓದಲು ಬಂದು ಉಳಿದುಕೊಂಡ ಮೈದುನನ ಮಕ್ಕಳು, ಸಂತೆಗೆ ಬಂದವರು, ಮಠಕ್ಕೆ ಹೋಗುವವರು. ಹಾಲ್ಕುರಿಕೆ ಕಡೆಯಿಂದ ಗಂಡನ ಊರಿನವರು ಯಾರೇ ತಿಪಟೂರಿಗೆ ಬಂದರೂ ಊಟ ಆಕೆಯ ಮನೆಯಲ್ಲಿ. ಮುದ್ದೆ ತೊಳಸಿ, ಎಲ್ಲರಿಗೂ ಬಡಿಸಿ, ತಾನು ನಿಂತುಕೊಂಡೇ ಎರಡು ತುತ್ತು ನುಂಗಿ ಡ್ಯೂಟಿಗೆ ಓಡಿಬರುತ್ತಿದ್ದಳು. ಆಕೆ ನಡೆದದ್ದನ್ನು ನಾನು ಕಂಡಿರಲಿಲ್ಲ. ಅರ್ಧ ನಡಿಗೆ, ಅರ್ಧ ಓಟ.

ಒಮ್ಮೆ ನಾನು ನನ್ನ ಭಾನುವಾರದ ಮಧ್ಯಾಹ್ನದ ಡ್ಯೂಟಿ ಮಾಡಿಕೊಡಿ ಎಂದೆ. ತಲೆ ಆಡಿಸಿದಳು. ಅದೇ ಭಾನುವಾರ ಚಿಕ್ಕನಾಯಕನಹಳ್ಳಿಯಲ್ಲಿ ನಾದಿನಿಯ ಮನೆಯ ಗೃಹಪ್ರವೇಶಕ್ಕೆ ಅಡುಗೆ ನಿಂತು ಮಾಡಿಸುತ್ತೇನೆ ಎಂದು ಮೊದಲೇ ಒಪ್ಪಿಕೊಂಡಿದ್ದಳಂತೆ. ನನಗೆ ಹೇಳಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಅಡುಗೆಗೆ ನಿಂತು, ವಾಪಸು ಬರುವ ಬಸ್ಸು ತಪ್ಪಿ, ತೆಂಗಿನ ನಾರು ತುಂಬಿದ ಲಾರಿಯಲ್ಲಿ ಕೂತು ಬಂದು ಹೊತ್ತಿಗೆ ಸರಿಯಾಗಿ ಬೋರ್ಡಿನ ಮುಂದೆ ಕೂತಿದ್ದಳು. ತಲೆಯ ತುಂಬ ನಾರಿನ ಪುಡಿ. ಮರುದಿನ ಎಲ್ಲರೂ ಅದನ್ನು ಹೇಳಿ ಕೊಂಡಾಡಿದರು. ನನಗೆ ಥ್ಯಾಂಕ್ಸ್ ಹೇಳಲು ಕೂಡ ಮನಸ್ಸು ಬರಲಿಲ್ಲ. ಮೆರೆಯೋದಕ್ಕೆ ಮಾಡ್ತಾಳೆ ಎಂದುಕೊಂಡೆ.

ಆಕೆಯ ದನಿ ಹೋದದ್ದು ಒಂದು ಹರಾಜಿನ ದಿನ ಬೆಳಿಗ್ಗೆ. ಯಾವ ಮುನ್ಸೂಚನೆಯೂ ಇರಲಿಲ್ಲ. ನೆಗಡಿ ಇಲ್ಲ, ಜ್ವರ ಇಲ್ಲ. ಬಂದು ಕೂತಳು, ಹೆಡ್‌ಸೆಟ್ಟು ಏರಿಸಿದಳು, ವೈರು ಚುಚ್ಚಿ ಬಾಯಿ ತೆರೆದಳು. ಬರೀ ಉಸಿರು ಬಂತು. ಮತ್ತೆ ತೆರೆದಳು. ಮತ್ತೆ ಉಸಿರು. ಆ ಕಡೆಯವರು "ಹಲೋ, ಹಲೋ ಅಕ್ಕಾ" ಎಂದು ಕೂಗುತ್ತಿದ್ದುದು ನನಗೂ ಕೇಳಿಸುತ್ತಿತ್ತು. ನನ್ನ ಕಡೆ ತಿರುಗಿ ಗಂಟಲು ಹಿಡಿದುಕೊಂಡಳು. ಮೊದಲು ತಮಾಷೆ ಎಂದುಕೊಂಡೆ. ಕಣ್ಣು ನೋಡಿದ ಮೇಲೆ ಎದ್ದು ಹೋಗಿ ಆಕೆಯ ಜಾಗದಲ್ಲಿ ಕೂತೆ. ಆಗ ನನ್ನ ಮನಸ್ಸಿಗೆ ಬಂದ ಮೊದಲ ವಿಚಾರ, ಇವತ್ತು ಊರೆಲ್ಲ ನನ್ನ ದನಿಯನ್ನೇ ಕೇಳಬೇಕು ಎಂಬುದು. ಸಂಜೆಯ ತನಕ ಕೇಳಿದರು. ಪ್ರತಿಯೊಬ್ಬರೂ ಕೇಳಿದ್ದು ಮಾತ್ರ, "ಅಕ್ಕ ಎಲ್ಲಿ?"

ಆಮೇಲೆ ಔಷಧಿಗಳ ಮೆರವಣಿಗೆ. ಮೆಣಸಿನ ಕಷಾಯ, ವೀಳ್ಯದೆಲೆ ಜೇನುತುಪ್ಪ, ಹಾಲ್ಕುರಿಕೆ ಮಠದ ವಿಭೂತಿ. ಊರಿನ ಡಾಕ್ಟರು ಮಾತ್ರೆ ಕೊಟ್ಟರು, ಸೂಜಿ ಚುಚ್ಚಿದರು. ತುಮಕೂರಿನ ಗಂಟಲು ಡಾಕ್ಟರು ಕನ್ನಡಿ ಹಾಕಿ ನೋಡಿ, ಕೆಮ್ಮಿ ಎಂದರು. ಕೆಮ್ಮಿದಳು. ಕೆಮ್ಮಿಗೆ ದನಿ ಇತ್ತು! "ಗಂಟಲಲ್ಲಿ ಏನೂ ಇಲ್ಲಮ್ಮ," ಎಂದರು ಅವರು. "ಬೆಂಗಳೂರಿಗೆ ಬರೆದು ಕೊಡ್ತೀನಿ. ಅಲ್ಲಿ ಮನಸ್ಸಿನ ಡಾಕ್ಟರನ್ನ ನೋಡಿ."

ಗಂಟಲಲ್ಲಿ ಏನೂ ಇಲ್ಲ ಎಂಬ ಸುದ್ದಿ ಆಕೆಗಿಂತ ಮೊದಲೇ ಮನೆ ಮುಟ್ಟಿದಂತಿತ್ತು. ನಾನು ನೋಡಲು ಹೋದಾಗ ಅತ್ತೆ ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು: "ಕೆಮ್ಮಕ್ಕೆ ದನಿ ಐತಂತೆ, ಮಾತಾಡಕ್ಕೆ ಇಲ್ವಂತೆ. ಎಲ್ಲಾ ನಾಟ್ಕ ಕಣವ್ವ. ಕೆಲ್ಸ ತಪ್ಪುಸ್ಕಳಕ್ಕೆ." ಒಳಗೆ ಆಕೆ ಆ ಮಾತು ಕೇಳುತ್ತಲೇ ರಾಗಿ ಬೀಸಿದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನನ್ನನ್ನು ನೋಡಿ ಕೈಸನ್ನೆಯಲ್ಲಿ, ಕಾಫಿ ಕುಡೀತೀರಾ ಎಂದು ಕೇಳಿದಳು.

ಆಕೆಯ ಗಂಡ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಮಾತು ಕಮ್ಮಿಯ ಮನುಷ್ಯ. ಹೆಂಡತಿಯನ್ನು ತಲೆ ಡಾಕ್ಟರಿಗೆ ತೋರಿಸುತ್ತಾನಂತೆ ಎಂದು ಜನ ಆಡಿಕೊಂಡರೂ ತಾವೇ ಕರೆದುಕೊಂಡು ಹೋದರು. ಬೆಂಗಳೂರಿನ ಡಾಕ್ಟರು ಕೆಲವು ತಿಂಗಳು ಪ್ರತಿ ಗುರುವಾರ ಬರಬೇಕು ಎಂದರಂತೆ. ನಮ್ಮ ಸೂಪರ್‌ವೈಜರು ಒಳ್ಳೆಯವರು, ಗುರುವಾರ ರಜೆ ಕೊಟ್ಟರು. ಒಂದು ಗುರುವಾರ ಗಂಡನಿಗೆ ಮಂಡಿ ಬಿಡಲಾಗದೆ, ಜೊತೆಗೆ ಹೋಗಿ ಬರುತ್ತೀರಾ ಎಂದು ನನ್ನನ್ನು ಕೇಳಿದರು. ಏನು ನಡೆಯುತ್ತದೆ ಎಂದು ನೋಡುವ ಕುತೂಹಲಕ್ಕೆ ಒಪ್ಪಿಕೊಂಡೆ.

ದೊಡ್ಡ ಆಸ್ಪತ್ರೆ. ಉದ್ದದ ಮೊಗಸಾಲೆ, ಗೋಡೆಗುಂಟ ಬೆಂಚುಗಳು. ಡಾಕ್ಟರು ನಲವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ, ಕೊರಳಲ್ಲಿ ಸ್ಟೆತಾಸ್ಕೋಪೂ ಇಲ್ಲ. ಆಕೆಯನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನಾನು ಬೆಂಚಿನ ಮೇಲೆ ಕೂತೆ. ಹೆಚ್ಚುಕಮ್ಮಿ ಒಂದು ಗಂಟೆ. ಒಬ್ಬ ನರ್ಸೂ ಒಳಗೆ ಹೋಗಲಿಲ್ಲ, ಔಷಧಿಯ ವಾಸನೆಯೂ ಬರಲಿಲ್ಲ. ಹೊರಗೆ ಬಂದಾಗ ಆಕೆಯ ಕಣ್ಣು ಕೆಂಪಗಿದ್ದವು, ಮುಖ ಮಾತ್ರ ತಲೆಗೆ ಎರೆದುಕೊಂಡು ಬಂದವರ ಮುಖದಂತೆ ಇತ್ತು.

ವಾಪಸು ಬರುವ ರೈಲಿನಲ್ಲಿ ಕೇಳಿದೆ. "ಒಳಗೆ ಏನ್ ಮಾಡ್ತಾರ್ರೀ?"

ಆಕೆ ಆಗ ಪಿಸುಮಾತಿನಲ್ಲಷ್ಟೇ ಮಾತಾಡುತ್ತಿದ್ದಳು. ಗಾಡಿಯ ಸದ್ದಿನಲ್ಲಿ ನಾನು ಕಿವಿಯನ್ನು ಆಕೆಯ ಬಾಯಿಗೇ ತರಬೇಕಾಯಿತು. "ಏನೂ ಇಲ್ಲ. ನಾನ್ ಹೇಳಿದ್ದ ಕೇಳ್ತಾರೆ."

"ಔಷಧಿ?"

"ಅದೇ ಔಷ್ದಿ ಅಂತೆ. ನಿಮ್ಗೆ ಊಟಕ್ಕೆ ಏನಿಷ್ಟ ಅಂತ ಕೇಳುದ್ರು. ನಮ್ಮನೆಯವ್ರಿಗೆ ಉಪ್ಪೆಸ್ರು ಇಷ್ಟ ಅಂದೆ. ಅತ್ತೆಗೆ ಅಕ್ಕಿ ರೊಟ್ಟಿ ಇಷ್ಟ ಅಂದೆ. ನಿಮ್ಗೆ ಅಂದ್ರು. ತಲೆಗೇ ಬರ್ನಿಲ್ಲ ಕಣ್ರೀ. ಸುಮ್ನೆ ಕುಂತಿದ್ದೆ. ಅವ್ರೂ ಸುಮ್ನೆ ಕುಂತಿದ್ರು. ಬೈನಿಲ್ಲ."

ನನಗೆ ಅಯ್ಯೋ ಎನ್ನಿಸಿದೆ ಎಂದುಕೊಂಡಳೋ ಏನೋ, ನನ್ನ ಕೈ ಹಿಡಿದುಕೊಂಡಳು. ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಒಂದು ಗಂಟೆ! ಓದಿದ, ದೊಡ್ಡ ಹುದ್ದೆಯ ಹೆಂಗಸೊಬ್ಬಳು ಬಾಗಿಲು ಹಾಕಿಕೊಂಡು, ಮಧ್ಯೆ ಬಾಯಿ ಹಾಕದೆ, ಒಂದು ಗಂಟೆ ಈಕೆಯ ಮಾತು ಕೇಳುತ್ತಾಳೆ. ಮಾತಿಲ್ಲದಿದ್ದರೆ ಮೌನವನ್ನೂ ಕೇಳುತ್ತಾಳೆ. ನಾನು ಹುಟ್ಟಿದ ಮೇಲೆ ನನ್ನ ಮಾತನ್ನು ಯಾರು ಅಷ್ಟು ಹೊತ್ತು ಕೇಳಿದ್ದಾರೆ? ನನ್ನಮ್ಮ ಕೇಳುವಾಗ ಕೈಯಲ್ಲಿ ಮೊರ ಇರುತ್ತಿತ್ತು. ನನ್ನ ಗಂಡ ಕೇಳುವಾಗ ವ್ಯಾಕರಣ ತಿದ್ದುತ್ತಿದ್ದರು. ನನ್ನ ದನಿಯೇ ಏಕೆ ಹೋಗಬಾರದಿತ್ತು ಎನ್ನಿಸಿತು. ರೈಲು ಗುಬ್ಬಿ ದಾಟುವವರೆಗೂ ಅದೇ ಯೋಚನೆ.

ಮುಂದಿನ ಕೆಲವು ವಾರಗಳಲ್ಲಿ ದನಿ ಬಂತು. ಕೆಮ್ಮಿಸಿ, ಕೆಮ್ಮನ್ನು ಎಳೆದು ಹೂಂಕಾರ ಮಾಡಿಸಿ, ಹೂಂಕಾರವನ್ನು ಮಾತಿಗೆ ತಿರುಗಿಸಿ ಡಾಕ್ಟರು ತರಿಸಿದರಂತೆ. ದನಿ ತರಿಸೋದು ಕಷ್ಟ ಅಲ್ಲ, ಉಳಿಸಿಕೊಳ್ಳೋದು ನಿಮ್ಮ ಕೆಲಸ ಎಂದಿದ್ದರಂತೆ. ಆದರೆ ಬಂದದ್ದು ಹಳೆಯ ದನಿಯಲ್ಲ. ಅದರಲ್ಲಿದ್ದ ಜೇನು ಹೋಗಿತ್ತು. ಸ್ವಲ್ಪ ಒರಟು, ಸ್ವಲ್ಪ ತಗ್ಗು. ಆಕೆ ಬೋರ್ಡಿಗೆ ವಾಪಸು ಬಂದ ದಿನ ನಾನು ಒಳಗೊಳಗೇ ಸಮಾಧಾನಪಟ್ಟೆ. ಇನ್ನು ಮೇಲೆ ನನ್ನ ದನಿಯೇ ವಾಸಿ.

ಆ ವಾರದಲ್ಲೇ ಮಾಯಸಂದ್ರದಲ್ಲಿ ನನ್ನ ತಂಗಿಯ ನಿಶ್ಚಿತಾರ್ಥ ಗೊತ್ತಾಯಿತು. ಎಂದಿನಂತೆ ಹೋಗಿ ಕೇಳಿದೆ. ಕೇಳುವುದು ಎಂದರೆ ಹೇಳುವುದೇ. "ನಾಡಿದ್ದು ನನ್ನ ಡ್ಯೂಟಿ ನೋಡ್ಕೊಳ್ರೀ."

ತಲೆ ಆಡಲಿಲ್ಲ. ಆಕೆ ವೈರಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಆಗಲ್ಲ ಕಣ್ರೀ," ಎಂದಳು.

"ಯಾಕೆ? ಎಲ್ಲಿಗಾದ್ರೂ ಹೋಗ್ತಿದೀರಾ?"

"ಇಲ್ಲ. ಮನೇಲೇ ಇರ್ತೀನಿ."

"ಮತ್ತೆ?"

"ಆಗಲ್ಲ."

ನಾನು ಏನೇನೋ ಅಂದೆ. ಒಬ್ಬಳೇ ತಂಗಿ ಎಂದೆ, ಕಷ್ಟದಲ್ಲಿ ನಿಮ್ಮ ಜೊತೆ ಬೆಂಗಳೂರಿಗೆ ಬಂದೆನಲ್ಲ ಎಂದೆ. ಆಕೆ ಮುಂದಿನ ಕಾಲಿಗೆ ವೈರು ಚುಚ್ಚಿದಳು. ನಾನು ಸಿಟ್ಟಿನಿಂದ ಹೊರಗೆ ಬಂದು ಕಾಂಪೌಂಡಿನಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಆಕೆ ಇನ್ನೊಬ್ಬಳನ್ನು ಕೂರಿಸಿ ಹಿತ್ತಲ ನಲ್ಲಿಯ ಹತ್ತಿರ ಓಡಿಬಂದಳು. ಗೋಡೆಗೆ ಕೈ ಕೊಟ್ಟು ವಾಂತಿ ಮಾಡಿಕೊಂಡಳು. ಬಾಯಿ ಮುಕ್ಕಳಿಸಿ, ಮುಖ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ನಾನು ನಿಂತಿದ್ದ ಕಡೆ ನೋಡದೆ ಒಳಗೆ ಹೋದಳು. ಹೋಗಿ ಬೆನ್ನು ಸವರಬೇಕು ಎನ್ನಿಸಲಿಲ್ಲ. ತಂಗಿಯ ನಿಶ್ಚಿತಾರ್ಥಕ್ಕೆ ನಾನು ಮುಟ್ಟುವ ಹೊತ್ತಿಗೆ ಗಂಡಿನ ಕಡೆಯವರು ಹೊರಟು ನಿಂತಿದ್ದರು. ಆಮೇಲೆ ಎಷ್ಟೋ ದಿನ ಆಕೆಯ ಜೊತೆ ಮಾತು ಬಿಟ್ಟೆ.

ಮಾತು ಬಿಟ್ಟರೇನು, ಕಣ್ಣು ಬಿಡಲಿಲ್ಲ. ಆಕೆ ಈಗ ಊಟದ ಹೊತ್ತಿಗೆ ಎಕ್ಸ್‌ಚೇಂಜಿನ ಹಿಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಡಬ್ಬಿಯಲ್ಲಿ ಎಳೆಯ ಕೊಬ್ಬರಿ ಹೋಳು, ಬೆಲ್ಲ. ಡಾಕ್ಟರ ಪ್ರಶ್ನೆಗೆ ಕೊನೆಗೂ ಸಿಕ್ಕಿದ ಉತ್ತರ ಅದು ಎಂದು ಆಮೇಲೆ ಗೊತ್ತಾಯಿತು. ಒಂದೊಂದೇ ಹೋಳು ಬೆಲ್ಲದ ಜೊತೆ ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಯಾರಿಗೂ ತಗೊಳ್ಳಿ ಎನ್ನುತ್ತಿರಲಿಲ್ಲ. ನಮ್ಮ ಕಡೆ ಕೊಬ್ಬರಿಗೆ ಬರವೇ? ನಮ್ಮ ಮನೆಯಲ್ಲೂ ಬುಟ್ಟಿ ತುಂಬ ಇರುತ್ತಿತ್ತು. ನಾನೂ ಒಂದು ದಿನ ಡಬ್ಬಿಗೆ ಹಾಕಿಕೊಂಡು ಹೋಗಿ ತಿಂದು ನೋಡಿದೆ. ಬರೀ ಕೊಬ್ಬರಿ ಬೆಲ್ಲ. ಆಕೆ ತಿನ್ನುವಾಗ ಇದ್ದದ್ದು ನನ್ನ ಬಾಯಿಗೆ ಸಿಗಲಿಲ್ಲ.

ಮನೆಯಲ್ಲಿ ಒಂದು ದಿನ ನೆಂಟರಿಗಿಂತ ಮೊದಲು ತಾನೇ ಬಿಸಿ ಮುದ್ದೆ ಹಾಕಿಕೊಂಡು ಊಟಕ್ಕೆ ಕೂತಳಂತೆ. ಅತ್ತೆ ಅದನ್ನು ಬೀದಿಯ ಪ್ರತಿ ಮನೆಗೂ ಹೋಗಿ ಹೇಳಿ ಬಂದರು. "ಹಸಿವಾಗಿತ್ತು ಅತ್ತೆ ಅಂತಾಳೆ ಕಣವ್ವ! ಹಸಿವಾಗಿತ್ತಂತೆ!" ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡು ಕೇಳಿದರು. ಕೇಳಿದವರಲ್ಲಿ ಒಬ್ಬಿಬ್ಬರು ನನ್ನ ಹಾಗೇ ಮನೆಗೆ ಹೋಗಿ, ತಾವು ಕಡೆಯ ಸಲ ಬಿಸಿ ಮುದ್ದೆ ಉಂಡದ್ದು ಯಾವಾಗ ಎಂದು ಲೆಕ್ಕ ಹಾಕಿರಬಹುದು.

ನಿಜವಾದ ಗಂಡಾಂತರ ಬಂದದ್ದು ಹರಾಜಿನ ದಿನವೇ. ಆಕೆಯ ಗಂಡ ಕೆಲಸ ಮಾಡುತ್ತಿದ್ದ ಮಂಡಿಯ ಸಾಹುಕಾರರು ಬೊಂಬಾಯಿಗೆ ಕಾಲ್ ಬುಕ್ ಮಾಡಿದರು. ಅವರ ಮುಂದೆ ಇನ್ನೂ ಹಲವರು ಸರದಿಯಲ್ಲಿದ್ದರು. ಮುಂಚೆಯೆಲ್ಲ ಆಕೆ ಯಾರನ್ನೋ ಓಲೈಸಿ, ಯಾರಿಗೋ ಲೈನು ಸಿಗುತ್ತಿಲ್ಲ ಎಂದು ಹೇಳಿ ಅವರಿಗೆ ಮೊದಲು ಕೊಡುತ್ತಿದ್ದಳು. ಸರದಿ ತಪ್ಪಿದವರು ಬೈದರೆ ಅದನ್ನೂ ತಾನೇ ನುಂಗುತ್ತಿದ್ದಳು. ಅವತ್ತು ಮಾತ್ರ, "ನಿಮ್ಮ ಸರದಿ ಬಂದಾಗ ಕೊಡ್ತೀನಿ ಸಾಹುಕಾರ್ರೇ," ಎಂದಳು. ಅವರು ಎರಡು ಸಲ ಫೋನು ಮಾಡಿದರು. ಎರಡು ಸಲವೂ ಅದೇ ಉತ್ತರ, ಅದೇ ತಗ್ಗು ದನಿ. ಸ್ವಲ್ಪ ಹೊತ್ತಿಗೆ ಬಿಳಿ ಪಂಚೆಯ ಚುಂಗು ಎತ್ತಿಕೊಂಡು ಖುದ್ದಾಗಿ ಎಕ್ಸ್‌ಚೇಂಜಿಗೇ ಬಂದರು.

"ಏನಮ್ಮಾ, ನಿನ್ ಗಂಡ ನನ್ ಮಂಡೀಲಿ ಅನ್ನ ತಿಂತವ್ನೆ, ಗೊತ್ತಾ?" ಎಂದರು ಬಾಗಿಲಲ್ಲೇ ನಿಂತು.

ಆಕೆ ಹೆಡ್‌ಸೆಟ್ಟು ತೆಗೆಯಲಿಲ್ಲ. "ಗೊತ್ತು. ನಿಮ್ಮುಂದೆ ಇನ್ನೂ ಜನ ಅವ್ರೆ. ಕುಂತ್ಕಳಿ."

ಸಾಹುಕಾರರು ನಮ್ಮ ಸೂಪರ್‌ವೈಜರ ಕಡೆ ತಿರುಗಿದರು. "ನೋಡಿ ಸ್ವಾಮಿ, ಬೆಂಗ್ಳೂರಿಗೆ ಹೋಗಿ ಬಂದ್ಮೇಲೆ ಈಯಮ್ಮಂಗೆ ತಲೆ ಪೂರಾ ಕೆಟ್ಟೋಗದೆ. ತಲೆ ಕೆಟ್ಟೋರ್ನ ತಂದು ಬೋರ್ಡ್ ಮುಂದೆ ಕೂರ್ಸಿದ್ದೀರಲ್ಲ. ಮೇಲಿನೋರ್ಗೆ ದೂರು ಕೊಡ್ತೀನಿ."

ಅವರು ಹೋದ ಮೇಲೆ ಸೂಪರ್‌ವೈಜರು ನನ್ನನ್ನು ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲಿನ ಪೇಪರ್‌ವೇಟು ತಿರುಗಿಸುತ್ತಾ, "ನೀವು ಪಕ್ಕದಲ್ಲೇ ಕೂರೋರು. ನಿಜ ಹೇಳಿ. ಆಯಮ್ಮ ಬೋರ್ಡ್ ನೋಡ್ಕೊಳ್ಳೋ ಸ್ಥಿತೀಲಿ ಇದಾರಾ?" ಎಂದು ಕೇಳಿದರು.

ಸ್ವಲ್ಪ ಅನುಮಾನದ ದನಿಯಲ್ಲಿ, ಏನೋ ಸಾರ್, ಹೇಳೋಕೆ ಆಗಲ್ಲ ಎಂದಿದ್ದರೂ ಸಾಕಿತ್ತು. ಆಕೆಯನ್ನು ಬೋರ್ಡಿನಿಂದ ಎಬ್ಬಿಸಿ ಎಲ್ಲಾದರೂ ಮೂಲೆಯ ಟೇಬಲ್ಲಿಗೆ ಹಾಕುತ್ತಿದ್ದರು. ಇಡೀ ಊರು ನನ್ನ ದನಿಗೆ ಒಗ್ಗಿಕೊಳ್ಳುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೊಟ್ಟೆಕಿಚ್ಚಿನವರಿಗೆ ಒಂದು ಶಾಪವಿದೆ. ಬೇರೆ ಯಾರೂ ನೋಡದಷ್ಟು ಹತ್ತಿರದಿಂದ ನಾವು ನೋಡಿರುತ್ತೇವೆ. ಆಕೆ ವಾಪಸು ಬಂದ ಮೇಲೆ ಒಂದು ಟ್ರಂಕ್ ಕಾಲೂ ತಪ್ಪಿರಲಿಲ್ಲ, ಒಬ್ಬರ ಸರದಿಯೂ ಹಿಂದೆಮುಂದೆ ಆಗಿರಲಿಲ್ಲ. ಬೋರ್ಡು ಅಷ್ಟು ನ್ಯಾಯವಾಗಿ ನಡೆದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಅದನ್ನು ಇಲ್ಲ ಎನ್ನಬೇಕಾದರೆ ಅಷ್ಟು ದಿನ ಕಣ್ಣಿಟ್ಟು ನೋಡಿದ್ದೆಲ್ಲ ಸುಳ್ಳಾಗಬೇಕಿತ್ತು.

"ನನಗಿಂತ ಚೆನ್ನಾಗಿ ನೋಡ್ಕೊಳ್ತಾರೆ ಸಾರ್," ಎಂದೆ. ಬಾಯಲ್ಲಿ ಹಾಗಲಕಾಯಿ ಅಗಿದಂತಾಯಿತು.

ದೂರು ಎಲ್ಲಿಗೂ ಮುಟ್ಟಲಿಲ್ಲ. ಸಾಹುಕಾರರು ಮಂಡಿಯಲ್ಲಿ ಗುಮಾಸ್ತರನ್ನು ಕರೆದು, ನಿನ್ನ ಹೆಂಡತಿಗೆ ಬುದ್ಧಿ ಹೇಳು ಎಂದರಂತೆ. ಅವರು ತೂಕದ ಕಡೆ ನೋಡುತ್ತಲೇ, "ಅದು ಅವ್ಳ ಬೋರ್ಡು ಸಾಹುಕಾರ್ರೇ, ನಾನೇನ್ ಹೇಳ್ಲಿ," ಎಂದರಂತೆ. ಮಂಡಿಯ ಹಮಾಲರೆಲ್ಲ ಆ ಮಾತನ್ನು ಊರ ತುಂಬ ಹೊತ್ತು ತಿರುಗಿದರು. ಕೆಲಸದಿಂದ ತೆಗೆಯುತ್ತಾರೆ ಎಂದು ಎಲ್ಲರೂ ಕಾದರು. ತೆಗೆಯಲಿಲ್ಲ. ಮುಂದಿನ ಹರಾಜಿಗೆ ಸಾಹುಕಾರರೇ ಬೆಳಿಗ್ಗೆ ಬೇಗ ಎದ್ದು ಬುಕ್ ಮಾಡಿದರು. ಗುಮಾಸ್ತರ ಆ ಮಾತು ಕಿವಿಗೆ ಬಿದ್ದ ಸಂಜೆ ಊಟಕ್ಕೆ ಕೂತಾಗ ನಾನು ನನ್ನ ಗಂಡನ ಮುಖ ನೋಡಿದೆ. ಅವರು ನನ್ನ ಪರವಾಗಿ ಯಾರ ಮುಂದಾದರೂ ಅಂಥದೊಂದು ಮಾತು ಆಡಿಯಾರೇ? ಅವರು ಸಾರಿಗೆ ಉಪ್ಪು ಕಮ್ಮಿ ಎಂದರು.

ನಮ್ಮಿಬ್ಬರಿಗೂ ಮತ್ತೆ ಮಾತು ಬೆಳೆದದ್ದು ಅದಾದ ಮೇಲೆ. ಸೂಪರ್‌ವೈಜರು ನಾನು ಹೇಳಿದ್ದನ್ನು ಆಕೆಗೆ ತಿಳಿಸಿದ್ದಿರಬೇಕು. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂತಳು.

"ನಿಮ್ಗೇ ಮೊದ್ಲು ಆಗಲ್ಲ ಅಂದೆ, ಅದು ನಿಮ್ಗೇ ಯಾಕೆ ಅಂತ ಕೇಳ್ನೇ ಇಲ್ವಲ್ಲ."

"ನಾನು ಅಷ್ಟು ಅಗ್ಗವಾಗಿ ಕಂಡೆ, ಅದಕ್ಕೆ," ಎಂದೆ.

"ಅಲ್ಲ ಕಣ್ರೀ. ಡಾಕ್ಟ್ರು ಒಂದು ಮನೆಪಾಠ ಕೊಟ್ಟಿದ್ರು. ಈ ವಾರ ಒಬ್ರಿಗಾದ್ರೂ ಆಗಲ್ಲ ಅಂತ ಹೇಳಿ ಬನ್ನಿ ಅಂದ್ರು. ಯಾರಿಗೆ ಅಂತ ಕೇಳ್ದೆ. ಸಿಟ್ಟು ಮಾಡ್ಕಂಡ್ರೂ ನಿಮ್ಮನ್ನ ಬಿಟ್ಟೋಗದೆ ಇರೋರು ಯಾರು, ಯೋಚ್ನೆ ಮಾಡಿ ಅಂದ್ರು. ಬೋ ಹೊತ್ತು ಯೋಚ್ನೆ ಮಾಡ್ದೆ. ನಿಮ್ಮ ಹೆಸ್ರು ಹೇಳ್ದೆ."

"ನಿಮ್ಮ ಯಜಮಾನರು?"

"ಅವ್ರಿಗೆ ಹೇಳಕ್ಕೆ ಇನ್ನೂ ಧೈರ್ಯ ಬೇಕಾಯ್ತು. ಎಲ್ರೂ ನನ್ನ ಒಳ್ಳೆತನ ನೋಡ್ಕಂಡು ಇದ್ದೋರು. ನೀವೊಬ್ರೇ ನನ್ನ ಕಂಡ್ರೆ ಉರ್ಕತಿದ್ರಿ. ಆದ್ರೂ ದಿನಾ ಪಕ್ಕದಲ್ಲೇ ಕುಂತ್ಕತಿದ್ರಿ. ಇನ್ನೇನ್ ಹೋಗ್ತೀರ ಅನ್ಸುತು." ಹೇಳಿ ನಕ್ಕಳು. ಆ ಒರಟು ದನಿಯ ನಗೆ ನಾನು ಕೇಳಿದ್ದು ಅದೇ ಮೊದಲು.

ಯಾರಿಗೂ ತಿಳಿಯದು ಎಂದುಕೊಂಡು ನಾನು ಅಷ್ಟು ವರ್ಷ ಬಚ್ಚಿಟ್ಟುಕೊಂಡದ್ದು ಆಕೆಗೆ ಮೊದಲ ದಿನದಿಂದಲೂ ಗೊತ್ತಿತ್ತು. ನಾಚಿಕೆಯಾಗಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಹಗುರವಾಯಿತು.

ಆಮೇಲಿನ ವರ್ಷಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಆಕೆ ಬೇಡವೆಂದು ಕೆಳಗೆ ಹಾಕಿದ ಹೊರೆಗಳೆಲ್ಲ ಒಂದೊಂದಾಗಿ ನನ್ನ ಹತ್ತಿರ ಬಂದವು. ಭಾನುವಾರದ ಡ್ಯೂಟಿಗಳು ಬಂದವು, ಮದುವೆ ಮನೆಯ ಓಡಾಟ ಬಂತು, ಮಂಡಿಯವರ ಒತ್ತಾಯ ಬಂತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಬೇಡ ಎನ್ನುವ ಮನಸ್ಸೂ ಇರಲಿಲ್ಲ. ಕೊನೆಗೂ ಜನ ನನ್ನನ್ನು ಕೇಳುತ್ತಿದ್ದರು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅಕ್ಕ ಎಂದರೆ ನಾನೇ ಆಗಿದ್ದೆ. ಆಯುಧಪೂಜೆಯ ಎಳನೀರು ನನ್ನ ಹೆಸರಿಗೆ ಬಂತು. ಅದನ್ನು ಹಂಚುತ್ತಾ, ನನಗೆ ಇಟ್ಟುಕೊಳ್ಳುವುದು ಮರೆತು, ಖಾಲಿ ಬುಟ್ಟಿ ನೋಡಿ ಅಳು ಬಂತು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಕಾಲಿಗೆ ಕಲ್ಲು ಕಟ್ಟಿದಂತಿರುತ್ತಿತ್ತು. ಬೋರ್ಡಿನ ಮುಚ್ಚಳ ಬೀಳುವ ಸದ್ದು ಮನೆಯಲ್ಲೂ ಕೇಳಿಸುತ್ತಿತ್ತು. ಪಕ್ಕದಲ್ಲಿ ಆಕೆ ತನ್ನ ಪಾಲಿನ ಕೆಲಸ ಮುಗಿಸಿ, ಹೊತ್ತಿಗೆ ಸರಿಯಾಗಿ ಎದ್ದು, ಸೆರಗು ಸಡಿಲ ಬಿಟ್ಟುಕೊಂಡು, ನಡೆದುಕೊಂಡು ಮನೆಗೆ ಹೋಗುತ್ತಿದ್ದಳು. ಕಿಟಕಿಯಿಂದ ಆ ನಡಿಗೆ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಕೇಳಿಯೇಬಿಟ್ಟೆ. "ನಿಮ್ಮ ಆ ಡಾಕ್ಟ್ರು ಇನ್ನೂ ಗುರುವಾರ ಸಿಗ್ತಾರೇನ್ರೀ?"

ಆಕೆ ನನ್ನ ಮುಖ ನೋಡಿದಳು. ಯಾರಿಗೆ, ಏಕೆ ಎಂದು ಕೇಳಲಿಲ್ಲ. "ಸಿಗ್ತಾರೆ."

"ಜೊತೆಗೆ ಬರ್ತೀರಾ?"

ಆಕೆ ತಕ್ಷಣ ಉತ್ತರಿಸಲಿಲ್ಲ. ಆ ಹೊತ್ತಿಗೆ ಆಕೆಗೆ ಹಾಗೆ ಯೋಚಿಸುವ ಅಭ್ಯಾಸವಾಗಿತ್ತು. "ಬತ್ತೀನಿ," ಎಂದಳು.

ಅದೇ ಆಸ್ಪತ್ರೆ, ಅದೇ ಮೊಗಸಾಲೆ. ಡಾಕ್ಟರ ಕೂದಲು ಸ್ವಲ್ಪ ನರೆತಿತ್ತು. ಈ ಸಲ ಒಳಗೆ ಹೋದವಳು ನಾನು, ಬೆಂಚಿನ ಮೇಲೆ ಕೂತವಳು ಆಕೆ. ಏನು ಹೇಳಲಿ ಎಂದು ರೈಲಿನಲ್ಲಿ ಜೋಡಿಸಿಕೊಂಡಿದ್ದೆಲ್ಲ ಬಾಗಿಲು ಮುಚ್ಚಿದೊಡನೆ ಮರೆತುಹೋಯಿತು. ಡಾಕ್ಟರು ಕಾದರು. ನಾನು ಬಾಯಿ ತೆರೆದಾಗ ಮೊದಲು ಬಂದ ಮಾತು ಆಕೆಯ ಬಗ್ಗೆ. ಹೊಟ್ಟೆಕಿಚ್ಚು ಎಂದೆ. ಅವರು ಕನ್ನಡಕದ ಒಳಗಿನಿಂದ ನೋಡುತ್ತಾ, "ಹೇಳಿ," ಎಂದರು. ಹೇಳಿದೆ. ಕೈಯಲ್ಲಿ ಮೊರವಿಲ್ಲದೆ, ವ್ಯಾಕರಣ ತಿದ್ದದೆ, ಒಬ್ಬರು ಕೂತು ಕೇಳಿದರು.

ಹೊರಗೆ ಬಂದಾಗ ಮೊಗಸಾಲೆಯಲ್ಲಿ ಗದ್ದಲ. ಯಾರದೋ ಮಗು ಅಳುತ್ತಿತ್ತು, ವಾರ್ಡಿನವನು ಹೆಸರು ಕೂಗುತ್ತಿದ್ದ. ಆಕೆ ಬೆಂಚಿನ ಮೇಲೆ ಉದ್ದಕ್ಕೆ ಕಾಲು ಚಾಚಿ, ಚಪ್ಪಲಿ ಕೆಳಗೆ ಬಿಟ್ಟು, ಬ್ಯಾಗನ್ನು ತಲೆಗೆ ಇಟ್ಟುಕೊಂಡು ಮಲಗಿಬಿಟ್ಟಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಸಣ್ಣಗೆ ಗೊರಕೆ. ಓಡಾಡುವವರು ನೋಡಿಕೊಂಡು ಹೋಗುತ್ತಿದ್ದರು. ಯಾರು ನೋಡಿದರೆ ಏನು ಅಂದುಕೊಂಡಾರು ಎಂಬ ಗೆರೆ ಆ ಮುಖದ ಮೇಲೆ ಎಲ್ಲೂ ಇರಲಿಲ್ಲ.

ಅಂಥ ನಿದ್ದೆ ನನಗೆ ಎಂದು ಬಂದೀತು? ಈಗಷ್ಟೇ ಒಳಗೆ ಅಷ್ಟು ಅತ್ತು ಬಂದವಳಿಗೆ ಮತ್ತೆ ಅದೇ ಕಿಚ್ಚು ಹೊತ್ತಿಕೊಂಡಿತು. ರೈಲಿಗೆ ಹೊತ್ತಾಗುತ್ತಿತ್ತು. ಎಬ್ಬಿಸಬೇಕು ಎಂದು ಭುಜದ ತನಕ ಕೈ ಒಯ್ದು ಹಿಂದಕ್ಕೆ ತಂದುಕೊಂಡೆ. ಆಕೆಯ ಕಾಲಿನ ಹತ್ತಿರ ಉಳಿದಿದ್ದ ಚೂರು ಜಾಗದಲ್ಲಿ ಕೂತೆ. ಪ್ಯಾಸೆಂಜರ್ ಗಾಡಿ ತಪ್ಪಿಹೋಯಿತು.